ಸರ್ವರ್ತು ಪುಷ್ಪೋದ್ಯಾನ

ಚಾಳುಕ್ಯ, ಹೊಯ್ಸಳರ ಕಾಲದ ಶಾಸನಗಳಲ್ಲಿ ದೇವಾಲಯಗಳಿಗೆ ಹೂದೋಂಟಕ್ಕೆಂದು ಭೂಮಿಯನ್ನು ದತ್ತಿಬಿಟ್ಟ ಸಂಗತಿಯು ಪದೇ ಪದೇ ಕಂಡುಬರುತ್ತದೆ. ನಿತ್ಯಾರ್ಚನೆಗೆ ಋತುಭೇದವಿಲ್ಲ, ಆದುದರಿಂದ ಆ ತೋಂಟವು ವರ್ಷವಿಡೀ ಹೂವನ್ನು ಕೊಡಬೇಕಾಗಿದ್ದಿತು. ಆದರೆ ಹನ್ನೆರಡು ತಿಂಗಳೂ ಸಮನಾಗಿ ಅರಳುವ ಗಿಡಗಳು ವಿರಳ. ವಸಂತಕ್ಕೆ ಸುರಗಿ, ಗ್ರೀಷ್ಮಕ್ಕೆ ಮಲ್ಲಿಗೆ, ವರ್ಷರ್ತುವಿಗೆ ಜಾಜಿ ಕೇದಗೆಗಳು, ಶರತ್ತಿಗೆ ಪಾರಿಜಾತ, ಹೇಮಂತ ಶಿಶಿರಗಳಿಗೆ ಕುಂದ, ನಡುವಣ ತೆರಪಿಗೆ ಬಹುಕಾಲ ಅರಳುವ ಕಣಗಿಲೆ. ಹೀಗೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಮೊದಲಾಗುವಂತೆ ನೆಡುವುದೇ ಸರ್ವರ್ತು ಉದ್ಯಾನದ ಮರ್ಮವು. ಗಿಡಮರಗಳ ಪೋಷಣೆಯು ಕನ್ನಡದಲ್ಲಿಯೇ ಶಾಸ್ತ್ರವಿಷಯವಾಗಿದ್ದಿತೆಂಬುದಕ್ಕೆ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು (ಕ್ರಿ. ಶ. 1025) ಸಾಕ್ಷಿ, ಅದರಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ.

ಕಾವ್ಯಗಳ ವನವರ್ಣನೆಯನ್ನಾದರೋ ಈ ವಿಷಯದಲ್ಲಿ ನೇರವಾದ ಪ್ರಮಾಣವೆಂದು ಗ್ರಹಿಸಲಾಗದು. ವಸಂತದಲ್ಲಿ ಮಾಲತಿಯು ಅರಳಿದ್ದರೂ ಕವಿಗಳು ಅದನ್ನು ವರ್ಣಿಸುವುದಿಲ್ಲವೆಂಬ ಕವಿಸಮಯವನ್ನು ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಹೇಳಿರುವನು. ಕವಿಯು ಕೈಬಿಟ್ಟ ಆ ಹೂವನ್ನು ಮಾಲೆಗಾರನು ಬಿಡಲಾರನು. ಕವಿಗೆ ಸಂಪ್ರದಾಯವು ನಿಯಾಮಕ. ಮಾಲೆಗಾರನಿಗೆ ನಾಳಿನ ಪೂಜೆಯೇ ನಿಯಾಮಕ. ಆದುದರಿಂದ ಕನ್ನಡನಾಡಿನ ಉದ್ಯಾನಗಳ ಚರಿತ್ರೆಯನ್ನು ಬರೆಯುವಾಗ ಶಾಸನವನ್ನೂ ಶಾಸ್ತ್ರವನ್ನೂ ಮೊದಲು ವಿಚಾರಿಸಿ, ಕಾವ್ಯವನ್ನು ಅವುಗಳೊಡನೆ ಒರೆಗೆ ಹಚ್ಚಿ ಸ್ವೀಕರಿಸುವುದು ಯುಕ್ತವು.