ಕಾವಲುಗಾರನಿಗೆ ಜೋಂಪು ಹತ್ತಿಸಿದ ಔಷಧ

1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಗೆದ್ದರು. ಆದರೆ ಅವರಿಬ್ಬರೂ ತದ್ರೂಪಿ ಅವಳಿಗಳು. ಅವಳಿ ಸೋದರನಿಲ್ಲದ ರೋಗಿಗೆ ಇದರಿಂದೇನು ಪ್ರಯೋಜನ? ಬೇರೊಬ್ಬರಿಂದ ಬಂದ ಅಂಗವನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರುವೆಂದೇ ಬಗೆದು ನಾಶಮಾಡುತ್ತದೆ. ಶಸ್ತ್ರವೈದ್ಯರ ಕೈಚಳಕ ಅದರ ಮುಂದೆ ನಡೆಯದು. ಇಡೀ ದೇಹಕ್ಕೆ ಕ್ಷ-ಕಿರಣ ಹಾಯಿಸಿ ಈ ಕಾವಲನ್ನು ಅಡಗಿಸುವ ಯತ್ನವೂ ನಡೆಯಿತು. ಹೆಚ್ಚಿನವರು ಸೋಂಕು ತಗುಲಿ ತೀರಿಕೊಂಡರು.

ದಾರಿ ತೋರಿಸಿದವರು ಕ್ಯಾನ್ಸರ್‌ಗೆ ಮದ್ದು ಹುಡುಕುತ್ತಿದ್ದ ರಸಾಯನ ವಿಜ್ಞಾನಿಗಳು. ನ್ಯೂಯಾರ್ಕ್ ಬಳಿಯ ಟಕಾಹೊ ಊರಿನ ಬರೋಸ್ ವೆಲ್‌ಕಮ್ ಪ್ರಯೋಗಾಲಯದಲ್ಲಿ ಜಾರ್ಜ್ ಹಿಚಿಂಗ್ಸ್ ಅವರೊಡನೆ 1944ರಿಂದ ದುಡಿಯುತ್ತಿದ್ದವರು ಗರ್ಟ್ರೂಡ್ ಎಲಿಯನ್. ಆಕೆಗೆ ಡಾಕ್ಟರೇಟ್ ಇರಲಿಲ್ಲ. ಜೀವಕೋಶ ಒಂದು ಎರಡಾಗಬೇಕಾದರೆ ಹೊಸ ಡಿಎನ್‌ಎ ಕಟ್ಟಬೇಕು. ಅದಕ್ಕೆ ಪ್ಯೂರೀನ್ ಎಂಬ ಸಾಮಗ್ರಿ ಬೇಕು. ಅದನ್ನೇ ಹೋಲುವ ಖೋಟಾ ಮಾಲು ಒದಗಿಸಿದರೆ ಕೋಶ ಮೋಸಹೋಗಬೇಕಲ್ಲವೆ? ಪರಮಾಣುಗಳನ್ನು ಅದಲುಬದಲು ಮಾಡುತ್ತ ಇವರು ಒಂದಾದ ಮೇಲೊಂದು ಸಂಯುಕ್ತ ತಯಾರಿಸಿದರು. ಆಮ್ಲಜನಕದ ಜಾಗದಲ್ಲಿ ಗಂಧಕ ಕೂರಿಸಿದಾಗ ದೊರೆತದ್ದು 6-ಮರ್ಕ್ಯಾಪ್ಟೊಪ್ಯೂರೀನ್. 1953ರಲ್ಲಿ ಅದು ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಗೆ ಬಂತು.

ಬಾಸ್ಟನ್ನಿನ ರಾಬರ್ಟ್ ಶ್ವಾರ್ಟ್ಸ್ ಮತ್ತು ವಿಲಿಯಂ ಡಾಮಶೆಕ್ ಇನ್ನೊಂದು ದಿಕ್ಕಿನಲ್ಲಿ ಯೋಚಿಸಿದರು. ಶತ್ರುವನ್ನು ಕಂಡಾಗ ಬಿಳಿ ರಕ್ತಕಣಗಳೂ ಕ್ಯಾನ್ಸರ್ ಕೋಶಗಳಂತೆ ಭರದಿಂದ ದ್ವಿಗುಣಗೊಳ್ಳುತ್ತವೆ. ಅವರು ಮೊಲಗಳಿಗೆ ಅನ್ಯ ಪ್ರೋಟೀನ್ ಚುಚ್ಚಿ, ಜತೆಗೆ ಈ ಔಷಧ ಕೊಟ್ಟು ನೋಡಿದರು. ಪ್ರತಿಕಾಯಗಳು ಹುಟ್ಟಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಲಂಡನ್ನಿನ ಯುವ ಶಸ್ತ್ರವೈದ್ಯ ರಾಯ್ ಕ್ಯಾನ್ ಅವರ ಗಮನ ಸೆಳೆಯಿತು. ಮೂತ್ರಪಿಂಡ ಕೆಟ್ಟ ಯುವಕನೊಬ್ಬ ಸಾಯುತ್ತಿದ್ದಾಗ, ಬದಲಿ ಅಂಗ ಜೋಡಿಸಬಾರದೇಕೆ ಎಂದು ವಿದ್ಯಾರ್ಥಿ ದೆಸೆಯಲ್ಲೇ ಕೇಳಿ, ಸಾಧ್ಯವಿಲ್ಲವೆಂಬ ಉತ್ತರ ಪಡೆದಿದ್ದವರು ಅವರು. ನಾಯಿಗಳಿಗೆ ಮೂತ್ರಪಿಂಡ ಕಸಿ ಮಾಡಿ ಅದೇ ಔಷಧ ಕೊಟ್ಟಾಗ ಕೆಲವು ನಾಯಿಗಳಲ್ಲಿ ಕಸಿ ಉಳಿಯಿತು.

1960ರಲ್ಲಿ ಮರ್ರೆ ಅವರ ಪ್ರಯೋಗಾಲಯಕ್ಕೆ ಹೊರಟ ಕ್ಯಾನ್, ದಾರಿಯಲ್ಲಿ ಟಕಾಹೊಗೆ ಹೋಗಿ ಹಿಚಿಂಗ್ಸ್ ಮತ್ತು ಎಲಿಯನ್ ಅವರಿಂದ ಹೊಸ ಸಂಯುಕ್ತಗಳನ್ನು ಪಡೆದರು. ಅವುಗಳಲ್ಲೊಂದರ ಗುರುತು ಬಿಡಬ್ಲ್ಯು 57-322. ಹಳೆಯ ಔಷಧದ ಗಂಧಕಕ್ಕೆ ಇನ್ನೊಂದು ರಾಸಾಯನಿಕ ತುಣುಕು ತಗುಲಿಸಿ ಮಾಡಿದ್ದು. ಆ ತುಣುಕು ದೇಹದೊಳಗೆ ಕಳಚಿ ಔಷಧ ಹೊರಬರುತ್ತಿತ್ತು. ಇದೇ ಅಜಥಯೋಪ್ರಿನ್. ಇದರ ನೆರವಿನಿಂದ ಲಾಲಿಪಾಪ್ ಎಂಬ ನಾಯಿ ಕಸಿಯಾದ ಮೂತ್ರಪಿಂಡದೊಂದಿಗೆ ತಿಂಗಳುಗಟ್ಟಲೆ ಬದುಕಿತು. ಸತ್ತ ನಾಯಿಗಳ ಸಂಖ್ಯೆಯೇನೂ ಕಡಿಮೆಯಲ್ಲ, ಅವುಗಳ ಹೆಸರು ಯಾರಿಗೂ ನೆನಪಿಲ್ಲ.

ಮನುಷ್ಯರ ವಿಷಯದಲ್ಲೂ ಮೊದಲು ಸೋಲೇ. ಔಷಧ ಹೆಚ್ಚಾದರೆ ಮಜ್ಜೆ ಸೊರಗಿ ಸೋಂಕು, ಕಡಿಮೆಯಾದರೆ ಅಂಗದ ತಿರಸ್ಕಾರ. ಪ್ರಮಾಣದ ಈ ಹದ ಸಿಗುವ ಮುನ್ನ 1961ರಲ್ಲಿ ಔಷಧ ಪಡೆದ ಮೊದಲ ರೋಗಿಗಳು ಉಳಿಯಲಿಲ್ಲ. 1962ರ ಏಪ್ರಿಲ್‌ನಲ್ಲಿ ಮರ್ರೆ, ಮೃತ ವ್ಯಕ್ತಿಯೊಬ್ಬನ ಮೂತ್ರಪಿಂಡವನ್ನು ರಕ್ತಸಂಬಂಧವೇ ಇಲ್ಲದ ಯುವಕನಿಗೆ ಜೋಡಿಸಿದರು. ಅದು ವರ್ಷಕ್ಕೂ ಮೀರಿ ಕೆಲಸ ಮಾಡಿತು.

ಆಮೇಲೆ ಸ್ಟೀರಾಯ್ಡ್ ಜತೆಗೂಡಿತು. ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಪಡೆದ ಸೈಕ್ಲೊಸ್ಪೊರಿನ್ ಔಷಧವನ್ನು 1978ರಲ್ಲಿ ರೋಗಿಗಳಿಗೆ ಕೊಟ್ಟು ನೋಡಿದವರೂ ಕ್ಯಾನ್ ಅವರೇ. ಎಲಿಯನ್ ಮತ್ತು ಹಿಚಿಂಗ್ಸ್‌ಗೆ 1988ರಲ್ಲಿ, ಮರ್ರೆಗೆ 1990ರಲ್ಲಿ ನೊಬೆಲ್ ಬಂತು. 2024ರಲ್ಲಿ ನಿಧನರಾದ ಕ್ಯಾನ್ ಅವರಿಗೆ ಅದು ಸಿಗಲೇ ಇಲ್ಲ.