ಸಂಡೂರಿನ ಗುಡ್ಡಕ್ಕೆ ಕಂಟ್ರೋಲರ್ ಬಂದ ಕಾಲ

ನಾನು ಕೆಲಸ ಕಲಿತದ್ದು ಬೆಮೆಲ್ ಡೋಜರುಗಳ ಮೇಲೆ. 1964ರಲ್ಲಿ ಹುಟ್ಟಿದ ಆ ಸಂಸ್ಥೆ ಜಪಾನಿನ ಕೊಮಾಟ್ಸು ಸಹಯೋಗದಲ್ಲಿ ಕೆ.ಜಿ.ಎಫ್‌ನಲ್ಲಿ ಕಟ್ಟುತ್ತಿದ್ದ ಡೋಜರುಗಳಲ್ಲಿ ವೈರು ಅಂತ ಇದ್ದದ್ದು ಬ್ಯಾಟರಿ, ಸ್ಟಾರ್ಟರ್, ಆಲ್ಟರ್ನೇಟರ್, ಮೀಟರು, ಲೈಟು, ಇಷ್ಟಕ್ಕೆ. ನನ್ನ ಮೇಸ್ತ್ರಿಗೆ ಹೊಗೆ ನೋಡಿದರೆ ಸಾಕಿತ್ತು. ಕಪ್ಪಗಿದ್ದರೆ ಗಾಳಿ ಸಾಲುತ್ತಿಲ್ಲ ಇಲ್ಲವೇ ನಾಜಲ್ ಸೋರುತ್ತಿದೆ, ಬೆಳ್ಳಗಿದ್ದರೆ ಡೀಸೆಲ್ ಸುಡದೆ ಹೊರಬರುತ್ತಿದೆ, ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಮಿಸ್ ಹೊಡೆದರೆ, ಅದು ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತ ಹೋಗುತ್ತಿದ್ದರು. ಯಾವ ನಟ್ಟು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಸತ್ತಿದೆ ಎಂದು ಲೆಕ್ಕ. ಇದನ್ನು ಓದುಬರಹವಿಲ್ಲದವರ ಅಂದಾಜು ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇವತ್ತು ಲ್ಯಾಪ್‌ಟಾಪ್ ಹಚ್ಚಿ ಮಾಡುವ ಸಿಲಿಂಡರ್ ಕಟ್‌ಔಟ್ ಟೆಸ್ಟ್ ಇದೇ ಕೆಲಸ. ನಟ್ಟಿನ ಬದಲು ಇಂಜೆಕ್ಟರಿನ ಕರೆಂಟನ್ನು ತಡೆಯುತ್ತೇವೆ, ಅಷ್ಟೇ.

ಹೊರದೇಶಗಳಲ್ಲಿ ಎಂಜಿನ್ನುಗಳಿಗೆ ಆಗಲೇ ಎಲೆಕ್ಟ್ರಾನಿಕ್ಸ್ ಸೇರಿತ್ತು. 1985ರಲ್ಲಿ ಡೆಟ್ರಾಯಿಟ್ ಡೀಸೆಲ್ ಎಂಜಿನ್‌ಗೆ ಡಿಡೆಕ್ ಎಂಬ ನಿಯಂತ್ರಣ ಬಂತು, 1987ರಲ್ಲಿ ಕ್ಯಾಟರ್‌ಪಿಲ್ಲರ್ ತನ್ನ 3406 ಎಂಜಿನ್‌ಗೆ ಅಂಥದ್ದೊಂದನ್ನು ಕೊಟ್ಟಿತು. ಡಿಡೆಕ್‌ನಲ್ಲಿ ಡ್ಯಾಶ್‌ಬೋರ್ಡಿನ ದೀಪವೇ ಮಿನುಗಿ ದೋಷದ ಅಂಕಿ ಹೇಳುತ್ತಿತ್ತು. ಎರಡು ಸಲ ಮಿನುಗಿ, ತುಸು ತಡೆದು, ಐದು ಸಲ ಮಿನುಗಿದರೆ 25. ಯಾವ ದೋಷವೂ ಇಲ್ಲ ಎಂದು ಅದರ ಅರ್ಥ.

ನಮ್ಮ ಕಡೆ ಮಾತ್ರ ಎಲೆಕ್ಟ್ರಾನಿಕ್ಸ್ ಮೊದಲು ಬಂದದ್ದು ಎಕ್ಸ್‌ಕವೇಟರಿನ ಹೈಡ್ರಾಲಿಕ್ ಪಂಪಿನ ದಾರಿಯಲ್ಲಿ. 1984ರಲ್ಲಿ ಎಕ್ಸ್‌ಕವೇಟರ್ ಕಟ್ಟಲು ಟಾಟಾದ ಟೆಲ್ಕೊ ಹಿಟಾಚಿಯ ಜೊತೆ ಕೈಜೋಡಿಸಿತು. 1998ರಲ್ಲಿ ಎಲ್ ಅಂಡ್ ಟಿ ಮತ್ತು ಕೊಮಾಟ್ಸು ಸೇರಿ ಬೆಂಗಳೂರಿನಲ್ಲಿ ಜಂಟಿ ಕಂಪನಿ ಮಾಡಿದವು. ನಾನು ಹೆಚ್ಚು ಬಿಚ್ಚಿ ನೋಡಿದ್ದು ಕೊಮಾಟ್ಸುವಿನ ಪಿಸಿ200-6. ಅದರ ಎಂಜಿನ್ ಹಳೆಯ ರೀತಿಯದೇ. ಆದರೆ ಆಪರೇಟರ್ ತಿರುಗಿಸುವ ಥ್ರಾಟಲ್ ಡಯಲ್‌ಗೂ ಡೀಸೆಲ್ ಪಂಪಿಗೂ ನಡುವೆ ಕೇಬಲ್ ಇರಲಿಲ್ಲ. ಡಯಲ್ ತಿರುಗಿಸಿದಷ್ಟು ವೋಲ್ಟೇಜು ಕಂಟ್ರೋಲರ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಹೋಗಿ, ಅದು ಗವರ್ನರ್ ಮೋಟರ್ ನಡೆಸಿ, ಪಂಪಿನ ಲಿವರ್ ಎಳೆಯುತ್ತಿತ್ತು. ಹೈಡ್ರಾಲಿಕ್ ಪಂಪು ಎಂಜಿನ್ ಮೇಲೆ ಅತಿ ಭಾರ ಹೇರಿದರೆ ಅದೇ ಕಂಟ್ರೋಲರ್ ಒಂದು ಸೊಲೆನಾಯ್ಡ್‌ಗೆ ಕರೆಂಟ್ ಕೊಟ್ಟು ಹರಿವು ತಗ್ಗಿಸುತ್ತಿತ್ತು. ಎಂಜಿನ್ ನಿಲ್ಲುತ್ತಿರಲಿಲ್ಲ, ಡೀಸೆಲ್ಲೂ ಉಳಿಯುತ್ತಿತ್ತು.

ಈ ಸೊಲೆನಾಯ್ಡಿನ ಸರ್ಕ್ಯೂಟ್ ಕೆಟ್ಟರೆ ಮಾನಿಟರಿನಲ್ಲಿ ಇ-02 ಬರುತ್ತಿತ್ತು. ಸ್ವಿಂಗ್ ಬ್ರೇಕಿನದು ಇ-03, ಗವರ್ನರ್ ಮೋಟರಿನದು ಇ-05. ಆ ಜಪಾನಿ ಎಂಜಿನಿಯರುಗಳ ಮೇಲೆ ನನಗೆ ಗೌರವ ಹುಟ್ಟಿದ್ದು ಇ-02ರಿಂದ. ಗುಡ್ಡದ ಮೇಲೆ, ಊರಿಂದ ದೂರ, ಕಂಟ್ರೋಲರ್ ಕೈಕೊಟ್ಟೇ ಕೊಡುತ್ತದೆ ಎಂದು ಅವರು ಮೊದಲೇ ಯೋಚಿಸಿದ್ದರು. ಕ್ಯಾಬಿನ್ನಿನಲ್ಲಿ ಒಂದು ಎಮರ್ಜೆನ್ಸಿ ಸ್ವಿಚ್ ಇಟ್ಟಿದ್ದರು. ಅದನ್ನು ಮೇಲೆತ್ತಿದರೆ ಕಂಟ್ರೋಲರನ್ನು ಬದಿಗಿಟ್ಟು, ಒಂದು ರೆಸಿಸ್ಟರ್ ಮೂಲಕ ಬ್ಯಾಟರಿಯ ಕರೆಂಟು ನೇರ ಸೊಲೆನಾಯ್ಡ್‌ಗೆ ಹೋಗುತ್ತಿತ್ತು. ಮೆಷಿನ್ ಕೆಲಸ ಮುಂದುವರಿಸುತ್ತಿತ್ತು, ಮೆಕ್ಯಾನಿಕ್ ಬರುವವರೆಗೆ.

ಮೆಕ್ಯಾನಿಕ್ ಎಂದರೆ ನಾವು. ಚೀನಾಕ್ಕೆ ಅದಿರು ಹೋಗುತ್ತಿದ್ದ ಆ ವರ್ಷಗಳಲ್ಲಿ ಸಂಡೂರು, ಹೊಸಪೇಟೆ, ಬಳ್ಳಾರಿಯ ಗುಡ್ಡಗಳಲ್ಲಿ ಹಗಲು ರಾತ್ರಿ ಮೆಷಿನ್ ಓಡುತ್ತಿದ್ದವು. ಕಂಪನಿಯ ಪುಸ್ತಕ ನಮಗೆ ಸಿಗುತ್ತಿರಲಿಲ್ಲ. ಕೋಡುಗಳನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಯಾವ ಕೋಡ್, ಯಾವ ಕನೆಕ್ಟರ್, ಯಾವ ಬಣ್ಣದ ವೈರು, ಕೊನೆಗೆ ಏನು ಸಿಕ್ಕಿತು. ಒಬ್ಬರ ಪುಸ್ತಕ ಇನ್ನೊಬ್ಬರ ಕೈಗೆ ಹೋಗಿ ನಕಲಾಗುತ್ತಿತ್ತು. ಕರ್ನಾಟಕದ ಗಣಿ ಚರಿತ್ರೆ ಬರೆದವರು ಅದಿರಿನ ಟನ್ನು ಎಣಿಸಿದ್ದಾರೆ, ರಾಜಕಾರಣ ಬರೆದಿದ್ದಾರೆ. ಈ ಎಣ್ಣೆ ಮೆತ್ತಿದ ಪುಸ್ತಕಗಳೂ ಆ ಚರಿತ್ರೆಯ ದಾಖಲೆಗಳೇ ಎಂದು ನಾನು ನಂಬಿದ್ದೇನೆ.

ಆ ಪುಸ್ತಕಗಳನ್ನು ತಿರುವಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಕಂಟ್ರೋಲರ್ ನಿಜವಾಗಿ ಸತ್ತದ್ದು ಅಪರೂಪ. ಶಿಫ್ಟ್ ಮುಗಿದ ಮೇಲೆ ಪ್ರೆಶರ್ ವಾಷ್ ಮಾಡಿ ಕನೆಕ್ಟರಿನೊಳಗೆ ನುಗ್ಗಿಸಿದ ನೀರು, ಹಸಿರುಗಟ್ಟಿದ ಪಿನ್ನು, ಕ್ಲ್ಯಾಂಪಿನ ಕೆಳಗೆ ಸವೆದ ಹಾರ್ನೆಸ್ಸು, ಸಡಿಲಾದ ಅರ್ತು. ನಿಜವಾಗಿ ಸತ್ತ ಕೆಲವನ್ನು ಕೊಂದದ್ದು ವೆಲ್ಡಿಂಗ್. ಅದಿರಿನಲ್ಲಿ ಬಕೆಟ್ ಹಲ್ಲು ಬೇಗ ಸವೆಯುತ್ತವೆ. ವೆಲ್ಡರ್ ಬ್ಯಾಟರಿ ಕಳಚದೆ, ಅರ್ತ್ ಕ್ಲಿಪ್ಪನ್ನು ದೂರದ ಟ್ರ್ಯಾಕಿಗೆ ಕಚ್ಚಿಸಿ ಹೋಲ್ಡರ್ ಹಿಡಿದರೆ ಕರೆಂಟು ತನಗೆ ಸಿಕ್ಕ ದಾರಿಯಲ್ಲೆಲ್ಲ ಓಡುತ್ತದೆ. ಒಮ್ಮೆ ಒಂದು ಕಂಪನಿಯ ಸರ್ವಿಸ್ ಎಂಜಿನಿಯರ್ ಲ್ಯಾಪ್‌ಟಾಪ್ ನೋಡಿ ‘ಕಂಟ್ರೋಲರ್ ಬದಲಿಸಿ’ ಎಂದು ಬರೆದುಕೊಟ್ಟರು. ಮಾಲೀಕರು ಲಕ್ಷಗಟ್ಟಲೆ ಸುರಿದು ಹೊಸದು ತರಿಸಿದರು. ಹೊಸದೂ ಅದೇ ಕೋಡ್ ತೋರಿಸಿತು. ಬೂಮಿನ ಬುಡದಲ್ಲಿ ಒಂದು ವೈರು ಸವೆದು ಕಬ್ಬಿಣ ಮುಟ್ಟುತ್ತಿತ್ತು.

ಕೋಡ್ ಹೇಳುವುದು ಕಂಟ್ರೋಲರಿಗೆ ಏನು ಕಂಡಿತು ಎಂದಷ್ಟೇ. ಮುಂದೆ ಬಂದ ದೊಡ್ಡ ಎಂಜಿನ್ನುಗಳಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಅವುಗಳಲ್ಲಿ ಕೋಡಿಗೆ ಎರಡು ಭಾಗ: ಯಾವುದು ಕೆಟ್ಟಿದೆ ಎನ್ನುವ ಎಸ್‌ಪಿಎನ್, ಹೇಗೆ ಕೆಟ್ಟಿದೆ ಎನ್ನುವ ಎಫ್‌ಎಂಐ. ಎಸ್‌ಪಿಎನ್ 110 ಎಂದರೆ ಎಂಜಿನ್ನಿನ ಕೂಲೆಂಟ್ ಬಿಸಿ. ಎಫ್‌ಎಂಐ 3 ಎಂದರೆ ವೋಲ್ಟೇಜು ಇರಬೇಕಾದ್ದಕ್ಕಿಂತ ಮೇಲೆ, 4 ಎಂದರೆ ಕೆಳಗೆ. 110-4 ಬಂದಿದೆ ಎನ್ನಿ. ಸೆನ್ಸಾರಿನ ಕನೆಕ್ಟರ್ ಕಳಚಿ ಮತ್ತೆ ನೋಡಬೇಕು. 4 ಹೋಗಿ 3 ಬಂದರೆ ವೈರು ಸರಿಯಿದೆ, ಕಂಟ್ರೋಲರೂ ಸರಿಯಿದೆ, ಕೆಟ್ಟಿರುವುದು ಸೆನ್ಸಾರು. 4 ಹಾಗೇ ಉಳಿದರೆ ವೈರು ಹಿಡಿದು ಹಿಂದಕ್ಕೆ ನಡೆಯಬೇಕು. ಹತ್ತು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗುಡ್ಡಕ್ಕೆ ಆದ ಗಾಯ ನೋಡಿದವನಾಗಿ ಆ ಆದೇಶ ಸರಿ ಎಂದೇ ಹೇಳುತ್ತೇನೆ, ನನ್ನ ಅನ್ನ ಹೋದರೂ. ಮೆಷಿನ್‌ಗಳು ಯಾರ್ಡುಗಳಲ್ಲಿ ಸಾಲಾಗಿ ನಿಂತವು. ಗಣಿಗಾರಿಕೆಗೆ ಮತ್ತೆ ಅವಕಾಶ ಕೊಟ್ಟ 2013ರ ಏಪ್ರಿಲ್ ತೀರ್ಪಿನ ನಂತರ ಹಲವನ್ನು ಮತ್ತೆ ಎಬ್ಬಿಸಲು ಹೋದಾಗ ಕಬ್ಬಿಣದ ಭಾಗಗಳು ಹೆಚ್ಚು ಕಾಡಲಿಲ್ಲ. ಹಾರ್ನೆಸ್ಸನ್ನು ಇಲಿಗಳು ತಿಂದಿದ್ದವು. ಮಾನಿಟರ್ ತುಂಬ ಒಂದಕ್ಕೊಂದು ಸಂಬಂಧವಿಲ್ಲದ ಕೋಡುಗಳು. ಆಗ ಕೋಡ್ ಓದುವುದು ಬಿಟ್ಟು ಮೊದಲು ಕಂಟ್ರೋಲರುಗಳು ಪರಸ್ಪರ ಮಾತಾಡುವ ಕ್ಯಾನ್ ಲೈನಿನ ಎರಡು ವೈರುಗಳ ನಡುವೆ, ಬ್ಯಾಟರಿ ಕಳಚಿ, ಓಮ್ ಅಳೆಯುತ್ತಿದ್ದೆವು. ಎರಡು ತುದಿಗೆ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ 60 ತೋರಿಸಬೇಕು. 120 ತೋರಿಸಿದರೆ ನಡುವೆ ಎಲ್ಲೋ ತುಂಡಾಗಿದೆ.

2021ರ ಏಪ್ರಿಲ್‌ನಿಂದ ನಿರ್ಮಾಣ ಯಂತ್ರಗಳಿಗೂ ಹೊಗೆ ತಗ್ಗಿಸುವ ಬಿಎಸ್-4 ನಿಯಮ ಬಂದು, ಕಾಮನ್ ರೈಲ್ ಎಂಜಿನ್ನು ಸಾಮಾನ್ಯವಾಯಿತು. ಅದರ ಪೈಪಿನಲ್ಲಿ ಸಾವಿರ ಬಾರ್ ಮೀರಿದ ಒತ್ತಡ. ಓಡುವಾಗ ನಟ್ಟು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕಲಿಯಲು ಬರುವ ಹುಡುಗರಿಗೆ ನಾನು ಮೊದಲ ದಿನವೇ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಪಾಸ್‌ವರ್ಡ್ ಇಲ್ಲದೆ ತೆರೆಯದ ಸಾಫ್ಟ್‌ವೇರ್ ಈಗ ಅವರ ದೊಡ್ಡ ತೊಡಕು. ಕೋಟಿಗೆ ಹತ್ತಿರದ ಮೆಷಿನ್ ಕೊಂಡವನಿಗೆ ಅದರ ಸರ್ಕ್ಯೂಟ್ ನಕ್ಷೆ ಕೊಡದಿರುವುದು ಅನ್ಯಾಯ, ಇದನ್ನು ಎಲ್ಲಿ ಬೇಕಾದರೂ ಹೇಳಲು ಸಿದ್ಧ. ಹುಡುಗರು ಕಾಯುತ್ತ ಕೂತಿಲ್ಲ. ನನ್ನ ನೋಟ್‌ಬುಕ್ಕನ್ನು ಫೋನಿನಲ್ಲಿ ಫೋಟೊ ಹೊಡೆದುಕೊಂಡು ಹೋದವರು ಈಗ ಕೊಪ್ಪಳ, ಚಿತ್ರದುರ್ಗದ ಸೈಟುಗಳಿಂದ ಹೊಸ ಮೆಷಿನ್‌ಗಳ ಕೋಡು, ಪಿನ್ ನಂಬರ್, ಅಳೆದ ವೋಲ್ಟೇಜು ಬರೆದು ನನಗೇ ಕಳಿಸುತ್ತಿದ್ದಾರೆ.