ಚೀಲದೊಳಗಿನ ಎಂಟು ಬೀಜಕಗಳ ಬೆನ್ನು ಹತ್ತಿ

ರಾಗಿಯ ಬೆಂಕಿ ರೋಗ, ದ್ರಾಕ್ಷಿಯ ಬೂದಿ ರೋಗ, ಈಚೆಗೆ ಮಲೆನಾಡಿನ ಅಡಿಕೆ ತೋಟಗಳನ್ನು ಕಂಗೆಡಿಸಿರುವ ಎಲೆಚುಕ್ಕಿ ರೋಗ, ಈ ಮೂರನ್ನೂ ತರುವುದು ಆಸ್ಕೊಮೈಸೀಟ್ ಎಂಬ ಒಂದೇ ದೊಡ್ಡ ಬಳಗದ ಶಿಲೀಂಧ್ರಗಳು. (ಅಡಿಕೆಯ ಕೊಳೆರೋಗ ಬೇರೆಯದೇ ಕುಲದ್ದು, ಅದನ್ನು ಇಲ್ಲಿಗೆ ಎಳೆಯುವಂತಿಲ್ಲ.) ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಉದ್ದನೆಯ ಚೀಲ, ಅದರಲ್ಲಿ ಸಾಮಾನ್ಯವಾಗಿ ಎಂಟು ಬೀಜಕ: ಇದು ಬಳಗದ ಗುರುತು. ಆದರೆ ಹೊಲದಲ್ಲಿ ರೈತನ ಕಣ್ಣಿಗೆ ಬೀಳುವುದು ಆ ಚೀಲವಲ್ಲ. ಎಲೆಯ ಮೇಲಿನ ಬೂದಿ, ಮಚ್ಚೆಯ ಮೇಲಿನ ಪುಡಿ ಎಲ್ಲವೂ ಕೊನಿಡಿಯಾ ಎಂಬ ನಿರ್ಲಿಂಗ ಬೀಜಕಗಳು. ಹಂಗಾಮಿನಲ್ಲಿ ರೋಗ ಹಬ್ಬಿಸುವ ಕೆಲಸ ಇವುಗಳದು. ಕೂಡಿಕೆಯಿಂದ ಹುಟ್ಟುವ ಚೀಲ ಕಾಣಿಸಿಕೊಳ್ಳುವುದು ಹೆಚ್ಚಾಗಿ ಬೆಳೆ ಮುಗಿದ ಮೇಲೆ, ಉದುರಿದ ಎಲೆಯಲ್ಲೋ ತೊಗಟೆಯ ಬಿರುಕಿನಲ್ಲೋ. ಈ ಬಳಗದ ಅಧ್ಯಯನದ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ಚೀಲವನ್ನು ಹುಡುಕಿದ ಕಥೆಯೇ.

ಹುಡುಕಾಟಕ್ಕೆ ದಾರಿ ತೋರಿದವರು ಫ್ರಾನ್ಸಿನ ತುಲಾನ್ ಸೋದರರು. ರೈ ಧಾನ್ಯದ ತೆನೆಯಲ್ಲಿ ಕಾಳಿನ ಬದಲು ಮೂಡುವ ಕಪ್ಪು ಕೊಂಬಿನಂಥ ಎರ್ಗಾಟ್ ಯುರೋಪಿಗೆ ಶತಮಾನಗಳಿಂದ ಗೊತ್ತಿತ್ತು. ಅದು ಬೆರೆತ ರೊಟ್ಟಿ ತಿಂದವರ ಕೈಕಾಲು ಕೊಳೆತು ಉದುರುತ್ತಿದ್ದವು. ಆದರೂ ಅದು ಕೆಟ್ಟ ಕಾಳೋ ಇನ್ನೇನೋ ಎಂಬ ತಕರಾರು ಬಗೆಹರಿದಿರಲಿಲ್ಲ. ಹಿರಿಯ ಸೋದರ ಲೂಯಿ ರೆನೆ 1853ರಲ್ಲಿ ಅದರ ಜೀವನಚಕ್ರವನ್ನು ಬಿಡಿಸಿಟ್ಟ. ಹೂವಿನಿಂದ ಒಸರುವ ಅಂಟು ರಸ, ಆಮೇಲಿನ ಕಪ್ಪು ಕೊಂಬು, ಆ ಕೊಂಬು ಮಣ್ಣಿನಲ್ಲಿದ್ದು ಮೊಳೆತಾಗ ಏಳುವ ಪುಟ್ಟ ಗುಂಡುತಲೆಯ ಕಡ್ಡಿಗಳು, ಮೂರೂ ಒಂದೇ ಶಿಲೀಂಧ್ರದ ಮೂರು ಅವಸ್ಥೆಗಳು. ಗುಂಡುತಲೆಯನ್ನು ಸೀಳಿ ನೋಡಿದರೆ ಅಂಚಿನುದ್ದಕ್ಕೂ ಹೂಜಿಯಾಕಾರದ ಗೂಡುಗಳು, ಗೂಡಿನ ತುಂಬ ಚೀಲಗಳು, ಚೀಲದೊಳಗೆ ದಾರದಂಥ ಬೀಜಕಗಳು. ಹೂಜಿಯಂಥ ಈ ಗೂಡಿಗೆ ಪೆರಿಥೀಸಿಯಂ ಎನ್ನುತ್ತಾರೆ. ಬಾಯಿಲ್ಲದೆ ಮುಚ್ಚಿಕೊಂಡಿದ್ದರೆ ಕ್ಲೀಸ್ಟೊಥೀಸಿಯಂ, ಬಟ್ಟಲಿನಂತೆ ತೆರೆದಿದ್ದರೆ ಅಪೊಥೀಸಿಯಂ. ಮುಂದೆ 1861ರಿಂದ 1865ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ ಸೋದರರ ಗ್ರಂಥಕ್ಕೆ ಚಿತ್ರ ಬರೆದವನು ತಮ್ಮ ಷಾರ್ಲ್, ವೃತ್ತಿಯಿಂದ ವೈದ್ಯ. ಅಂಥ ಚಿತ್ರಗಳು ಈ ಕ್ಷೇತ್ರದಲ್ಲಿ ಮತ್ತೆ ಬಂದಿವೆಯೇ ಎಂಬುದು ನನ್ನ ಅನುಮಾನ.

ದ್ರಾಕ್ಷಿಯದು ಇನ್ನೂ ತಡವಾದ ಪ್ರಕರಣ. ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿ ಟಕರ್ ಎಂಬ ತೋಟಗಾರ 1845ರಲ್ಲಿ ಬೂದಿ ರೋಗವನ್ನು ಕಂಡ; 1847ರಲ್ಲಿ ಶಿಲೀಂಧ್ರಶಾಸ್ತ್ರಜ್ಞ ಬರ್ಕ್ಲಿ ಅದಕ್ಕೆ ಟಕರನದೇ ಹೆಸರಿಟ್ಟ. ಯುರೋಪಿನ ದ್ರಾಕ್ಷಿ ತೋಟಗಳು ಹಾಳಾದವು, ಗಂಧಕದ ಪುಡಿ ಮದ್ದಾಯಿತು. ಆದರೆ ಚೀಲಗಳಿರುವ ಗೂಡು ಫ್ರಾನ್ಸಿನಲ್ಲಿ ಸಿಕ್ಕಿದ್ದು 1892ರಲ್ಲಿ. ಅಮೆರಿಕದಲ್ಲಿ ಮೊದಲೇ ವರ್ಣಿತವಾಗಿದ್ದ ಶಿಲೀಂಧ್ರವೇ ಇದೆಂದು ಖಚಿತವಾದದ್ದು ಆಗಲೇ.

ಚೀಲ ಸಿಕ್ಕಿದರೆ ರೈತನಿಗೇನು ಲಾಭ ಎಂದು ಕೇಳುವವರಿಗೆ ಸೇಬಿನ ಕಜ್ಜಿ ರೋಗ ಉತ್ತರ. ಅದರ ಗೂಡುಗಳು ಚಳಿಗಾಲವಿಡೀ ಉದುರಿದ ಎಲೆಯಲ್ಲಿ ಬಲಿತು, ವಸಂತದ ಮಳೆಗೆ ಬೀಜಕ ಚಿಮ್ಮುತ್ತವೆ. ಇದು ತಿಳಿದ ಮೇಲೆ, ಎಲೆ ಎಷ್ಟು ಹೊತ್ತು ಒದ್ದೆಯಾಗಿರಬೇಕು, ಉಷ್ಣತೆ ಎಷ್ಟಿರಬೇಕು ಎಂದು ಲೆಕ್ಕ ಹಾಕಿ ಸಿಂಪಡಣೆಯ ದಿನ ಗೊತ್ತುಮಾಡುವ ಕೋಷ್ಟಕವನ್ನು ಅಮೆರಿಕದ ಮಿಲ್ಸ್ 1944ರಲ್ಲಿ ಕೊಟ್ಟ. ಉದುರಿದ ಎಲೆಗೆ ಯೂರಿಯಾ ಸಿಂಪಡಿಸುವ ಪದ್ಧತಿಯೂ ಇದೇ ತಿಳಿವಳಿಕೆಯ ಫಲ. 1973ರಲ್ಲಿ ಈ ಕಜ್ಜಿ ಕಾಶ್ಮೀರದ ತೋಟಗಳನ್ನು ಹೊಡೆದು ಹಾಕಿತ್ತು.

ಚಿಮ್ಮುವ ಬಲವೂ ಸಣ್ಣದಲ್ಲ. ಗೋಧಿ, ಮೆಕ್ಕೆಜೋಳದ ತೆನೆ ಕೆಡಿಸುವ ಜಿಬ್ಬರೆಲ್ಲಾ ಶಿಲೀಂಧ್ರದ ಚೀಲ ರಸದೊತ್ತಡದಿಂದ ಬಿಗಿದು ಬೀಜಕಗಳನ್ನು ಹೊರಗೆಸೆಯುತ್ತದೆ. ಅಮೆರಿಕದ ಫ್ರಾನ್ಸಿಸ್ ಟ್ರೇಲ್ ತಂಡ 2005ರಲ್ಲಿ ಅಳೆದಂತೆ ಆ ವೇಗೋತ್ಕರ್ಷ ಗುರುತ್ವದ ಸುಮಾರು 8,70,000 ಪಟ್ಟು. ಇಷ್ಟೆಲ್ಲ ಮಾಡಿ ಬೀಜಕ ಹಾರುವುದು ಕೆಲವು ಮಿಲಿಮೀಟರ್ ಮಾತ್ರ. ಎಲೆಗಂಟಿದ ನಿಶ್ಚಲ ಗಾಳಿಪದರ ದಾಟಿದರೆ ಸಾಕು, ಮುಂದಿನದು ಗಾಳಿಯ ಪಾಡು.

ನಮ್ಮ ಜೋಳದ ಕಥೆಗೆ ಬರೋಣ. ತೆನೆಯಿಂದ ಜೇನಿನಂಥ ರಸ ಒಸರುವ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ದಕ್ಷಿಣ ಭಾರತದಿಂದ 1917ರಲ್ಲಿ ಮೆಕ್‌ರೇ ಹೆಸರಿಸಿದಾಗ ಕೈಗೆ ಸಿಕ್ಕಿದ್ದು ನಿರ್ಲಿಂಗ ಅವಸ್ಥೆ ಮಾತ್ರ. ಅದರ ಗುಂಡುತಲೆ ಕಡ್ಡಿಗಳನ್ನೂ ಚೀಲಗಳನ್ನೂ ಕಂಡು ಕುಲಕರ್ಣಿ, ಶೇಷಾದ್ರಿ, ಹೆಗಡೆ ಅವರು ಮೈಸೂರಿನ ಕೃಷಿವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ್ದು 1976ರಲ್ಲಿ. ನಡುವೆ ಸರಿಸುಮಾರು ಅರವತ್ತು ವರ್ಷ! ಪರಾಗ ಬೀಳದೆ ಉಳಿದ ಅಂಡಾಶಯಕ್ಕೇ ಈ ರೋಗ ಹತ್ತುವುದರಿಂದ, ಗಂಡುಬಂಜೆ ಸಾಲುಗಳಿರುವ ಹೈಬ್ರಿಡ್ ಬೀಜೋತ್ಪಾದನೆಯ ತಾಕುಗಳಿಗೆ ಪೆಟ್ಟು ಹೆಚ್ಚು.

ಚೀಲ ಸಿಗದೇ ಉಳಿದವುಗಳಿಗಾಗಿ ಸಸ್ಯಶಾಸ್ತ್ರಜ್ಞರು 'ಅಪೂರ್ಣ ಶಿಲೀಂಧ್ರಗಳು' ಎಂಬ ಪ್ರತ್ಯೇಕ ಖಾನೆಯನ್ನೇ ತೆರೆದಿದ್ದರು. ಚೀಲ ಸಿಕ್ಕ ಮೇಲೂ ಹಳೆಯ ಹೆಸರು ಬಿಡುತ್ತಿರಲಿಲ್ಲ, ಒಂದೇ ಜೀವಿಗೆ ಎರಡೆರಡು. ಡಿಎನ್‌ಎ ಓದಿ ನಂಟು ಹೇಳುವ ಕಾಲ ಬಂದಾಗ ಈ ವ್ಯವಸ್ಥೆಗೆ ಅರ್ಥ ಉಳಿಯಲಿಲ್ಲ. 2011ರ ಮೆಲ್ಬರ್ನ್ ಸಸ್ಯಶಾಸ್ತ್ರ ಸಮ್ಮೇಳನ ಅದನ್ನು ರದ್ದುಮಾಡಿತು. ಹತ್ತಿಪ್ಪತ್ತು ವರ್ಷ ಮೊದಲೇ ಆಗಬೇಕಿದ್ದ ಕೆಲಸ.

ಬೆಂಕಿ ರೋಗದ ಪೈರಿಕ್ಯುಲೇರಿಯಾದಲ್ಲಿ ಮಾತ್ರ ಚೀಲ ಮೊದಲು ಮೂಡಿದ್ದು ಪ್ರಯೋಗಶಾಲೆಯಲ್ಲಿ. ಹೀಬರ್ಟ್ ಎಂಬಾತ 1971ರಲ್ಲಿ ಹುಲ್ಲಿನಿಂದ ತೆಗೆದ ಶಿಲೀಂಧ್ರ ತಳಿಗಳನ್ನು ಕೂಡಿಸಿ ಪೆರಿಥೀಸಿಯಂ ಬೆಳೆಸಿದ. ಕೂಡಿಕೆಗೆ ಎರಡು ಬಗೆಯ ತಳಿಗಳು ಜೊತೆಗಿರಬೇಕು; ಇದೇ ರೋಗಕ್ಕೆ ತುತ್ತಾಗುವ ಭತ್ತದ ಬಹುತೇಕ ಪ್ರದೇಶಗಳಲ್ಲಿ ಶಿಲೀಂಧ್ರ ನಿರ್ಲಿಂಗವಾಗಿಯೇ ಕಾಲ ತಳ್ಳುತ್ತದೆ. ಬ್ರೆಜಿಲ್‌ನಲ್ಲಿ 1985ರಲ್ಲಿ ಅದು ಗೋಧಿಯಲ್ಲೂ ಕಾಣಿಸಿಕೊಂಡಿತು; 2016ರಲ್ಲಿ ಬಾಂಗ್ಲಾದೇಶಕ್ಕೆ ಬಂದದ್ದು ಹೀಗೆ ನಿರ್ಲಿಂಗವಾಗಿಯೇ ಹಬ್ಬಿದ ಒಂದು ಗೋಧಿ ತಳಿ. ಅದೇ ತಳಿ ಆಫ್ರಿಕದ ಜಾಂಬಿಯಾವನ್ನೂ ತಲುಪಿದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ಗೋಧಿ ತಳಿಯನ್ನು ಆಫ್ರಿಕದ ರಾಗಿಯಿಂದ ತೆಗೆದ ತಳಿಯ ಜೊತೆ ಪ್ರಯೋಗಶಾಲೆಯಲ್ಲಿ ಬೆಳೆಸಿದಾಗ ಅವು ಕೂಡಿಕೊಂಡವು, ಚೀಲಗಳೂ ಮೂಡಿದವು.